ಕನ್ನಡ ಕೆಡದಂತೆ ಟೇಬಲ್ ಉಳಿಸುವ ಬ್ಯಾಚ್ ಫೈಲ್

ಸಹಕಾರ ಸಂಘ, ಶಾಲೆ, ಗ್ರಂಥಾಲಯ, ಎಲ್ಲಿ ಹೋದರೂ ತಿಂಗಳ ಕೊನೆಗೆ ಒಂದೇ ನೋಟ. ಡೇಟಾಬೇಸ್ ತೆರೆದು, ಬಾಕಿದಾರರ ಟೇಬಲ್ ಹುಡುಕಿ, ಪರದೆಯ ಮೇಲಿನ ಸಾಲುಗಳನ್ನು ಆಯ್ದು ಎಕ್ಸೆಲ್‌ಗೆ ಅಂಟಿಸುತ್ತಿರುತ್ತಾರೆ. ಹಾಗೆ ಅಂಟಿಸುವಾಗ ಕೆಲವು ಸಾಲುಗಳು ತಪ್ಪಿಹೋಗುತ್ತವೆ, ಖಾತೆ ಸಂಖ್ಯೆಯ ಮುಂದಿನ ಸೊನ್ನೆ ಉದುರುತ್ತದೆ, ಕನ್ನಡದ ಹೆಸರುಗಳು ಗುರುತು ಸಿಗದಂತಾಗುತ್ತವೆ. ಈ ಕೈಕೆಲಸವನ್ನೆಲ್ಲ ಎರಡು ಪುಟ್ಟ ಫೈಲುಗಳು ಕ್ಷಣದಲ್ಲಿ ಮುಗಿಸುತ್ತವೆ: ಡೇಟಾಬೇಸಿಗೆ ಕೇಳುವ ಪ್ರಶ್ನೆ, ಅಂದರೆ ಕ್ವೆರಿ, ಇರುವ ಫೈಲ್ ಒಂದು; ಅದನ್ನು ಓಡಿಸುವ ವಿಂಡೋಸ್ ಆಜ್ಞೆಗಳ ಪಟ್ಟಿ, ಅಂದರೆ ಬ್ಯಾಚ್ ಫೈಲ್, ಇನ್ನೊಂದು. ಆದರೆ ಅವುಗಳನ್ನು ಬರೆಯಲು ಹೊರಟವರಲ್ಲಿ ಬಹಳಷ್ಟು ಜನ ಕನ್ನಡ ಅಕ್ಷರಗಳ ವಿಷಯದಲ್ಲೇ ಎಡವುವುದನ್ನು ನೋಡಿದ್ದೇನೆ. ಆ ಭಾಗವನ್ನು ಇಲ್ಲಿ ವಿಸ್ತಾರವಾಗಿಯೇ ಬರೆಯುತ್ತೇನೆ.

ಉದಾಹರಣೆಗೆ ವಿಂಡೋಸ್ ಕಂಪ್ಯೂಟರ್ ಮತ್ತು ಎಸ್‌ಕ್ಯುಲೈಟ್ ಡೇಟಾಬೇಸ್ ತೆಗೆದುಕೊಳ್ಳೋಣ. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಎಸ್‌ಕ್ಯುಲೈಟ್ ಇಂದು ಪ್ರತಿ ಆಂಡ್ರಾಯ್ಡ್ ಫೋನಿನಲ್ಲೂ ಇದೆ. ಅದಕ್ಕೆ ಶುಲ್ಕವಿಲ್ಲ, ಸರ್ವರ್ ಬೇಕಿಲ್ಲ. ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಹಂತ 1: ಸಲಕರಣೆ

ಎಸ್‌ಕ್ಯುಲೈಟ್‌ನ ಅಧಿಕೃತ ತಾಣದಿಂದ ಕಮಾಂಡ್ ಲೈನ್ ಪ್ರೋಗ್ರಾಂನ ಹೊಸ ಆವೃತ್ತಿಯನ್ನು ಇಳಿಸಿಕೊಂಡು, ಒಂದು ಪ್ರತ್ಯೇಕ ಫೋಲ್ಡರ್‌ನಲ್ಲಿ ಇಡಿ.

ಡೇಟಾಬೇಸನ್ನು ಎಕ್ಸೆಲ್ ಮಾಡಿಕೊಡುವ ಜಾಲತಾಣಗಳು ಹುಡುಕಿದಷ್ಟೂ ಸಿಗುತ್ತವೆ. ಸದಸ್ಯರ ಹೆಸರು, ಫೋನ್ ಸಂಖ್ಯೆ, ಸಾಲದ ವಿವರಗಳಿರುವ ಫೈಲನ್ನು ಅಂಥ ಕಡೆ ಖಂಡಿತ ಏರಿಸಬೇಡಿ. ಅವರು ನಿಮ್ಮನ್ನು ನಂಬಿ ಕೊಟ್ಟ ಮಾಹಿತಿ ಅದು.

ಹಂತ 2: ಕ್ವೆರಿಗೆ ಅದರದೇ ಫೈಲ್

ಕ್ವೆರಿಯನ್ನು ಬ್ಯಾಚ್ ಫೈಲಿನ ಒಳಗೇ ತುರುಕುವುದು ಎಲ್ಲರ ಮೊದಲ ಅಭ್ಯಾಸ. ಅದನ್ನು ಬಿಡಿ. ಬ್ಯಾಚ್ ಫೈಲಿನಲ್ಲಿ ಶೇಕಡಾ ಚಿಹ್ನೆಗೆ ಬೇರೆಯೇ ಅರ್ಥವಿದೆ. ಹೆಸರಿನ ತುಣುಕು ಹುಡುಕಲು ಕ್ವೆರಿಯಲ್ಲಿ % ಬಳಸಿದರೆ ಅದು ಸದ್ದಿಲ್ಲದೆ ಮಾಯವಾಗಬಹುದು. ಅಲ್ಲಿ ಅದನ್ನು ಎರಡೆರಡು ಬಾರಿ ಬರೆಯಬೇಕು. ‘ಬಾಕಿ > 500’ ಎನ್ನುವ ಷರತ್ತಿನಲ್ಲಿ ಉದ್ಧರಣ ಚಿಹ್ನೆ ತಪ್ಪಿದರೆ ವಿಂಡೋಸ್ ಆ ಬಾಣವನ್ನು ‘ಫೈಲಿಗೆ ಬರೆ’ ಎಂದು ಓದಿಕೊಂಡು 500 ಎಂಬ ಹೆಸರಿನ ಫೈಲ್ ಸೃಷ್ಟಿಸುತ್ತದೆ. ಕ್ವೆರಿ ಬೇರೆ ಫೈಲಿನಲ್ಲಿದ್ದರೆ ಈ ಯಾವ ತೊಂದರೆಯೂ ಇಲ್ಲ.

ನೋಟ್‌ಪ್ಯಾಡ್ ತೆರೆದು ಐದು ಸಾಲು ಬರೆಯಿರಿ. ಮೊದಲನೆಯದು ‘ಡಾಟ್ ಟೈಮ್‌ಔಟ್ 5000’ (ಡಾಟ್ ಎಂದಲ್ಲೆಲ್ಲ ಚುಕ್ಕೆ ಹಾಕಿ: .timeout 5000). ಬೇರೊಬ್ಬರು ಅದೇ ಡೇಟಾಬೇಸಿಗೆ ಬರೆಯುತ್ತಿದ್ದರೆ ತಕ್ಷಣ ಕೈಚೆಲ್ಲದೆ ಐದು ಸೆಕೆಂಡ್ ಕಾಯಲು ಇದು ಬೇಕು. ಆಮೇಲೆ ‘ಡಾಟ್ ಮೋಡ್ ಸಿಎಸ್‌ವಿ’ (ಸಿಎಸ್‌ವಿ ಎಂದರೆ ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ ಫೈಲ್), ‘ಡಾಟ್ ಹೆಡರ್ಸ್ ಆನ್’. ನಾಲ್ಕನೆಯದು ‘ಡಾಟ್ ಒನ್ಸ್’, ಅದರ ಮುಂದೆ ಎರಡು ಅಡ್ಡಗೆರೆ ಸೇರಿಸಿ ‘ಬಾಮ್’ (--bom), ಕೊನೆಗೆ ತಾತ್ಕಾಲಿಕ ಫೈಲಿನ ಹೆಸರು. ಐದನೆಯದು ನಿಮ್ಮ ಸೆಲೆಕ್ಟ್ ಕ್ವೆರಿ, ಕೊನೆಯಲ್ಲಿ ಸೆಮಿಕೋಲನ್. ಫೈಲಿನ ದಾರಿ ಬರೆಯುವಾಗ ಮುಂದಕ್ಕೆ ವಾಲಿದ ಓರೆಗೆರೆಯನ್ನೇ ಬಳಸಿ. ಉದ್ಧರಣ ಚಿಹ್ನೆಯೊಳಗೆ ಹಿಂದಕ್ಕೆ ವಾಲಿದ ಓರೆಗೆರೆಯನ್ನು ಎಸ್‌ಕ್ಯುಲೈಟ್ ಬೇರೆ ರೀತಿ ಅರ್ಥಮಾಡಿಕೊಳ್ಳುತ್ತದೆ.

ಸೆಲೆಕ್ಟ್ ಮುಂದೆ ನಕ್ಷತ್ರ ಹಾಕಿ ಮುಗಿಸಬೇಡಿ. ಬೇಕಾದ ಕಾಲಂಗಳ ಹೆಸರನ್ನು ಒಂದೊಂದಾಗಿ ಬರೆಯಿರಿ, ‘ಆರ್ಡರ್ ಬೈ’ ಸೇರಿಸಿ. ನಾಳೆ ಯಾರೋ ಟೇಬಲಿಗೆ ಹೊಸ ಕಾಲಂ ಸೇರಿಸಿದರೂ ನಿಮ್ಮ ಪಟ್ಟಿ ಹಾಗೆಯೇ ಉಳಿಯುತ್ತದೆ, ಎರಡು ತಿಂಗಳ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ಹಂತ 3: ಕನ್ನಡ ಅಕ್ಷರ

ಎಸ್‌ಕ್ಯುಲೈಟ್ ಕನ್ನಡವನ್ನು ಯುಟಿಎಫ್-8 ರೂಪದಲ್ಲಿ, ಅಂದರೆ ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಒಂದು ಪದ್ಧತಿಯಲ್ಲಿ, ಹೊರಹಾಕುತ್ತದೆ. ಈ ರೂಪದಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೂ ಮೂರು ಬೈಟ್ ಬೇಕು. ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿದಾಗ ಎಕ್ಸೆಲ್ ಆ ಮೂರು ಬೈಟ್‌ಗಳನ್ನು ಮೂರು ಬೇರೆ ಬೇರೆ ಯುರೋಪಿಯನ್ ಅಕ್ಷರಗಳೆಂದು ತಿಳಿಯಬಹುದು. ಆಗ ತಲೆಯ ಮೇಲೆ ಓರೆಗೆರೆಯಿರುವ ಸಣ್ಣ ಎ, ಅದರ ಪಕ್ಕದಲ್ಲಿ ಪುಟ್ಟ 2 ಅಥವಾ 3, ಇವೇ ಪರದೆಯ ತುಂಬ ಕಾಣಿಸುತ್ತವೆ. ಈ ಗುರುತು ನೆನಪಿಟ್ಟುಕೊಳ್ಳಿ. ಇಷ್ಟು ಕಂಡರೆ ನಿಮ್ಮ ಮಾಹಿತಿ ಸುರಕ್ಷಿತವಾಗಿದೆ, ಓದಿದ ರೀತಿ ಮಾತ್ರ ತಪ್ಪಾಗಿದೆ. ಆ ಸ್ಥಿತಿಯಲ್ಲಿ ‘ಸೇವ್’ ಒತ್ತಬೇಡಿ. ಒತ್ತಿದರೆ ಆ ಕೆಟ್ಟ ಅಕ್ಷರಗಳೇ ಫೈಲಿನಲ್ಲಿ ಉಳಿಯುತ್ತವೆ.

ನಾಲ್ಕನೇ ಸಾಲಿನ ‘ಬಾಮ್’ ಇರುವುದು ಇದಕ್ಕಾಗಿಯೇ. ಫೈಲಿನ ಆರಂಭದಲ್ಲಿ ಅದು ಮೂರು ಬೈಟ್‌ನ ಒಂದು ಗುರುತು ಇಡುತ್ತದೆ, ಎಕ್ಸೆಲ್ ಅದನ್ನು ಕಂಡು ಯುಟಿಎಫ್-8 ಎಂದು ತಿಳಿಯುತ್ತದೆ. ಆದರೆ ಬ್ಯಾಚ್ ಫೈಲ್ ಮತ್ತು ಕ್ವೆರಿ ಫೈಲುಗಳಿಗೆ ಈ ಗುರುತು ಇರಲೇಬಾರದು. ಬ್ಯಾಚ್ ಫೈಲಿನಲ್ಲಿ ಅದು ಮೊದಲ ಆಜ್ಞೆಗೆ ಅಂಟಿಕೊಂಡು, ‘ಇಂಥ ಆಜ್ಞೆಯೇ ಇಲ್ಲ’ ಎಂಬ ದೂರು ಬರುತ್ತದೆ. ನೋಟ್‌ಪ್ಯಾಡ್‌ನಲ್ಲಿ ಉಳಿಸುವಾಗ ಎನ್‌ಕೋಡಿಂಗ್ ಪಟ್ಟಿಯಲ್ಲಿ ಬರಿಯ ‘ಯುಟಿಎಫ್-8’ ಆರಿಸಿ.

ಪವರ್‌ಶೆಲ್ ಕಿಟಕಿಯಲ್ಲಿ ಬಾಣದ ಚಿಹ್ನೆಯಿಂದ ಫೈಲಿಗೆ ಕಳಿಸುವ ಒಳದಾರಿಯನ್ನು ಹಲವರು ಹೇಳಿಕೊಡುತ್ತಾರೆ. ವಿಂಡೋಸ್ ಜೊತೆಗೆ ಬರುವ ಪವರ್‌ಶೆಲ್ 5.1 ಹಾಗೆ ಬರೆದ ಫೈಲನ್ನು ಯುಟಿಎಫ್-16 ಮಾಡಿಬಿಡುತ್ತದೆ, ದಾರಿಯಲ್ಲೇ ಕನ್ನಡವನ್ನು ಕೆಡಿಸಲೂಬಹುದು. ಎಸ್‌ಕ್ಯುಲೈಟ್ ತಾನೇ ಫೈಲ್ ಬರೆಯಲಿ. ಕಪ್ಪು ಕಮಾಂಡ್ ಕಿಟಕಿಯಲ್ಲಿ ಕನ್ನಡದ ಬದಲು ಚೌಕಗಳು ಕಂಡರೆ ಚಿಂತಿಸಬೇಕಿಲ್ಲ, ಅದು ಆ ಕಿಟಕಿಯ ಫಾಂಟಿನ ಕೊರತೆ.

ಹಳೆಯ ದಾಖಲೆಗಳದು ಬೇರೆ ಕಥೆ. ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಹೆಸರುಗಳು ಡೇಟಾಬೇಸಿನೊಳಗೇ ಇಂಗ್ಲಿಷ್ ಮತ್ತು ಯುರೋಪಿಯನ್ ಅಕ್ಷರಗಳಾಗಿ ಕುಳಿತಿರುತ್ತವೆ. ಅವುಗಳಿಗೆ ಯಾವ ಬಾಮ್ ಕೂಡ ಉಪಯೋಗವಿಲ್ಲ, ಯೂನಿಕೋಡ್‌ನಲ್ಲಿ ಬರೆದ ಕ್ವೆರಿಗೂ ಅವು ಸಿಗುವುದಿಲ್ಲ. ಮೊದಲು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ತನ್ನಿ, ಆಮೇಲೆ ಈ ಕೆಲಸಕ್ಕೆ ಕೈಹಾಕಿ.

ಇನ್ನು ಅಂಕಿಗಳು. ಅಕ್ಷರ ಸರಿಯಾಗಿ ಕಂಡಿತೆಂದು ನೆಮ್ಮದಿಯಾಗುವಷ್ಟರಲ್ಲಿ ಎಕ್ಸೆಲ್ ಸೊನ್ನೆಗಳನ್ನು ನುಂಗಿರುತ್ತದೆ. ಅದು 15 ಅಂಕಿಗಳವರೆಗೆ ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ. 16 ಅಂಕಿಯ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ. 12 ಅಂಕಿಯ ಆಧಾರ್ ಸಂಖ್ಯೆ 1.23457E+11 ಎಂಬಂಥ ರೂಪ ತಾಳುತ್ತದೆ, ಹಾಗೆಯೇ ಸಿಎಸ್‌ವಿಯಾಗಿ ಮರಳಿ ಉಳಿಸಿದರೆ ಮೂಲ ಸಂಖ್ಯೆ ಕೈತಪ್ಪಿತು. ಆದ್ದರಿಂದ ಡಬಲ್ ಕ್ಲಿಕ್ ಬೇಡ. ಖಾಲಿ ಎಕ್ಸೆಲ್ ತೆರೆದು, ‘ಡೇಟಾ’ ಮೆನುವಿನಲ್ಲಿ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಮೂಲಕ ಫೈಲ್ ತರಿಸಿ. ಎನ್‌ಕೋಡಿಂಗ್‌ಗೆ 65001, ಅಂದರೆ ಯುಟಿಎಫ್-8, ಆರಿಸಿ, ದತ್ತಾಂಶದ ಬಗೆಯನ್ನು ಗುರುತಿಸಬೇಡ ಎಂಬ ಆಯ್ಕೆ ಒತ್ತಿ. ನನ್ನನ್ನು ಕೇಳಿದರೆ ಲಿಬ್ರೆಆಫೀಸ್ ಕ್ಯಾಲ್ಕ್ ವಾಸಿ. ಅದು ತೆರೆಯುವ ಮೊದಲೇ ಇವೆಲ್ಲವನ್ನೂ ಕೇಳುತ್ತದೆ.

ಹಂತ 4: ಬ್ಯಾಚ್ ಫೈಲ್

ಮೊದಲ ಸಾಲಿನಲ್ಲಿ ‘ಸಿಡಿ’ ಆಜ್ಞೆಯಿಂದ ನಿಮ್ಮ ಫೋಲ್ಡರ್‌ಗೆ ಹೋಗಿ, ಬೇರೆ ಡ್ರೈವ್ ಆದರೆ ‘/ಡಿ’ ಸೇರಿಸಿ. ಎರಡನೇ ಸಾಲಿನಲ್ಲಿ ಎಸ್‌ಕ್ಯುಲೈಟ್‌ನ ಹೆಸರು, ಅದರ ಮುಂದೆ ‘ಬೇಲ್’ (-bail) ಮತ್ತು ‘ರೀಡ್‌ಓನ್ಲಿ’ (-readonly) ಎಂಬ ಎರಡು ಆಯ್ಕೆ, ಡೇಟಾಬೇಸ್ ಫೈಲ್, ಕೊನೆಗೆ ಉದ್ಧರಣದೊಳಗೆ ‘ಡಾಟ್ ರೀಡ್’ ಮತ್ತು ಕ್ವೆರಿ ಫೈಲಿನ ಹೆಸರು.

‘ರೀಡ್‌ಓನ್ಲಿ’ ಬಿಟ್ಟರೆ ಒಂದು ಮೋಸ ನಡೆಯುತ್ತದೆ. ಡೇಟಾಬೇಸಿನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಎಸ್‌ಕ್ಯುಲೈಟ್ ತಕರಾರು ಮಾಡದೆ ಆ ಹೆಸರಿನಲ್ಲಿ ಖಾಲಿ ಡೇಟಾಬೇಸ್ ತೆರೆದು, ‘ಟೇಬಲ್ ಇಲ್ಲ’ ಎನ್ನುತ್ತದೆ. ಟೇಬಲ್ ಅಳಿಸಿಹೋಯಿತೆಂದು ಜನ ಕಂಗಾಲಾಗುವುದು ಆಗಲೇ. ‘ಬೇಲ್’ ಇದ್ದರೆ ಮೊದಲ ತಪ್ಪಿಗೇ ಕೆಲಸ ನಿಲ್ಲುತ್ತದೆ, ಸೋಲಿನ ಸಂಕೇತ ಬ್ಯಾಚ್ ಫೈಲಿಗೆ ತಲುಪುತ್ತದೆ.

ಮೂರನೇ ಸಾಲು ‘ಇಫ್ ಎರರ್‌ಲೆವೆಲ್ 1’ ಎಂದು ಪರೀಕ್ಷಿಸಿ ಅಲ್ಲೇ ಹೊರಬರಲಿ. ಎಲ್ಲ ಸರಿಯಿದ್ದರೆ ಮಾತ್ರ ತಾತ್ಕಾಲಿಕ ಫೈಲಿಗೆ ದಿನಾಂಕದ ಹೆಸರು ಸಿಗಬೇಕು. ಕ್ವೆರಿ ಓಡುವ ಮೊದಲೇ ‘ಡಾಟ್ ಒನ್ಸ್’ ಫೈಲನ್ನು ಖಾಲಿ ಮಾಡಿಬಿಡುತ್ತದೆ. ನೇರವಾಗಿ ಹಳೆಯ ಹೆಸರಿಗೇ ಬರೆಯುವವರು ಕ್ವೆರಿ ಸೋತ ದಿನ ನಿನ್ನೆಯ ಪಟ್ಟಿಯನ್ನೂ ಕಳೆದುಕೊಳ್ಳುತ್ತಾರೆ.

ದಿನಾಂಕಕ್ಕೆ ಬ್ಯಾಚ್‌ನ ‘ಡೇಟ್’ ನಂಬಬೇಡಿ. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಬದಲಾದರೆ ಅದರ ರೂಪವೂ ಬದಲಾಗುತ್ತದೆ. ಅದರಲ್ಲಿ ಓರೆಗೆರೆ ಬಂದರೆ ಫೈಲಿಗೆ ಆ ಹೆಸರಿಡಲು ಆಗುವುದೇ ಇಲ್ಲ. ಪವರ್‌ಶೆಲ್‌ನ ‘ಗೆಟ್-ಡೇಟ್’ ಕರೆದು ವರ್ಷ, ತಿಂಗಳು, ದಿನದ ಕ್ರಮದಲ್ಲಿ ಪಡೆಯಿರಿ. ಅಲ್ಲಿ ತಿಂಗಳಿಗೆ ದೊಡ್ಡ ಎಂ. ಚಿಕ್ಕ ಎಂ ಹಾಕಿದರೆ ನಿಮಿಷ ಬರುತ್ತದೆ, 47ನೇ ತಿಂಗಳಿನ ಪಟ್ಟಿ ಸಿದ್ಧವಾಗುತ್ತದೆ.

ಮೈಎಸ್‌ಕ್ಯುಎಲ್ ಬಳಸುವವರಿಗೂ ಕ್ರಮ ಇದೇ, ಆದರೆ ಅದರ ‘ಬ್ಯಾಚ್’ ಆಯ್ಕೆ ಅಲ್ಪವಿರಾಮದ ಬದಲು ಟ್ಯಾಬ್‌ನಿಂದ ಕಾಲಂಗಳನ್ನು ಬೇರ್ಪಡಿಸುತ್ತದೆ. ಅಕ್ಷರ ಸಮೂಹ ‘ಯುಟಿಎಫ್8ಎಂಬಿ4’ ಎಂದು ಹೇಳಿಬಿಡಿ. ಪಾಸ್‌ವರ್ಡನ್ನು ಬ್ಯಾಚ್ ಫೈಲಿನಲ್ಲಿ ಬರೆಯಬೇಡಿ, ಅದಕ್ಕೆಂದೇ ‘ಲಾಗಿನ್ ಪಾತ್’ ಸೌಲಭ್ಯವಿದೆ.

ಹಂತ 5: ತಾನಾಗಿ ನಡೆಯಲು

ಟಾಸ್ಕ್ ಶೆಡ್ಯೂಲರ್‌ನಲ್ಲಿ ಹೊಸ ಕೆಲಸ ಸೇರಿಸಿ, ಬ್ಯಾಚ್ ಫೈಲ್ ತೋರಿಸಿ, ಸಮಯ ಕೊಡಿ. ಪರೀಕ್ಷೆಗೆಂದು ಕೊನೆಯಲ್ಲಿ ಕೀಲಿ ಒತ್ತುವವರೆಗೆ ಕಾಯುವ ‘ಪಾಸ್’ (pause) ಸಾಲು ಬರೆದಿದ್ದರೆ ಈಗಲೇ ತೆಗೆಯಿರಿ. ಇಲ್ಲವಾದರೆ ಯಾರೂ ಒತ್ತದ ಕೀಲಿಗಾಗಿ ಕೆಲಸ ಅಲ್ಲೇ ಕಾದು ಕೂರುತ್ತದೆ, ಮರುದಿನದ ಸರದಿ ತಪ್ಪುತ್ತದೆ.

ಹೀಗೆ ಉಳಿಸಿದ ಸಿಎಸ್‌ವಿಯನ್ನು ಬ್ಯಾಕಪ್ ಎಂದು ಎಣಿಸಬೇಡಿ. ಟೇಬಲ್‌ಗಳ ನಡುವಿನ ಸಂಬಂಧ, ಇಂಡೆಕ್ಸ್, ಕಾಲಂಗಳ ಬಗೆ ಯಾವುದೂ ಅದರಲ್ಲಿ ಇರುವುದಿಲ್ಲ. ಬಳಕೆಯಲ್ಲಿರುವ ಡೇಟಾಬೇಸ್ ಫೈಲನ್ನು ನೇರವಾಗಿ ಕಾಪಿ ಮಾಡಿದರೆ ಪ್ರತಿ ಅರೆಬರೆಯಾಗಬಹುದು. ಅದಕ್ಕೆ ‘ಡಾಟ್ ಬ್ಯಾಕಪ್’ ಆಜ್ಞೆಯಿದೆ. ಅದನ್ನು ಇನ್ನೊಂದು ಬ್ಯಾಚ್ ಫೈಲಿನಲ್ಲಿ ಬರೆದು, ಪ್ರತಿಯನ್ನು ಬೇರೆ ಡಿಸ್ಕ್‌ಗೆ ಕಳಿಸಿ.