ವೆನಿಸ್‌ನಲ್ಲಿ ದೋಣಿ ಹತ್ತುವುದು ಹೀಗೆ

ಬಸ್ಸು, ಕಾರು ಬಂದು ನಿಲ್ಲುವ ಚೌಕ ಪಿಯಾತ್ಸಾಲೆ ರೋಮಾ, ಅದನ್ನು ದಾಟಿದರೆ ಬಸ್ಸು, ಕಾರು ಯಾವುದೂ ಇಲ್ಲ. ನಡೀಬೇಕು, ಇಲ್ಲ ವಾಪೊರೆಟ್ಟೊ ಅನ್ನೋ ದೋಣಿ ಹತ್ತಬೇಕು, ಅದೇ ಅಲ್ಲಿನ ಸಿಟಿ ಬಸ್. 75 ನಿಮಿಷದ ಟಿಕೆಟ್‌ಗೆ 9.50 ಯೂರೊ, ಜಾಸ್ತಿನೇ. ಅದಕ್ಕೇ ಎರಡು ದಿನ ಇರುವವರು ದಿನಗಳ ಪಾಸ್ ತಗೊಳ್ಳಿ. ಹತ್ತುವ ಮೊದಲು ಯಂತ್ರಕ್ಕೆ ಟಿಕೆಟ್ ತೋರಿಸೋದು ಮರೀಬೇಡಿ, ದಂಡ ಬೀಳುತ್ತೆ. ಬ್ಯಾಗ್ ಬೆನ್ನಿಂದ ಇಳಿಸಿ.

1ನೇ ನಂಬರ್ ದೋಣಿ ಊರಿನ ಮುಖ್ಯ ಕಾಲುವೆ ಗ್ರ್ಯಾಂಡ್ ಕೆನಾಲ್ ಉದ್ದಕ್ಕೂ ನಿಧಾನಕ್ಕೆ ಹೋಗುತ್ತೆ. ಸಂಜೆ ಹೊರಗಡೆ ಸೀಟು ಸಿಕ್ಕರೆ ಬಿಡಬೇಡಿ! ಪ್ರತಿ ನಿಲ್ದಾಣದಲ್ಲೂ ಸಿಬ್ಬಂದಿ ಹಗ್ಗ ಎಸೆದು ಸುತ್ತಿ ಬಿಗಿಯುತ್ತಾರೆ, ಮರ ಕಿರ್ ಅನ್ನುತ್ತೆ, ಆಮೇಲೆ ಗೇಟು ತೆಗೆಯುತ್ತಾರೆ. ಅವಸರವಿದ್ದರೆ 2ನೇ ನಂಬರ್.

ಗೊಂಡೋಲಾ ಅರ್ಧ ಗಂಟೆಗೆ ಹಗಲಲ್ಲಿ 90 ಯೂರೊ. ಅಷ್ಟು ಬೇಡ ಅಂದರೆ ಸಾಂತಾ ಸೋಫಿಯಾದಿಂದ ರಿಯಾಲ್ಟೊ ಮಾರ್ಕೆಟ್‌ಗೆ ಟ್ರಾಗೆಟ್ಟೊದಲ್ಲಿ (ಈ ದಡದಿಂದ ಆ ದಡಕ್ಕೆ ಬಿಡುವ ದೋಣಿ) ಕಾಲುವೆ ದಾಟಿ, ಸುಮಾರು 2 ಯೂರೊ, ಚಿಲ್ಲರೆ ಇಟ್ಕೊಳ್ಳಿ.