ವಿಟಮಿನ್ ಮಾತ್ರೆಯೇ ತೊಂದರೆ ಕೊಡುತ್ತಿದೆಯೇ? ಪತ್ತೆ ಮಾಡುವ ಬಗೆ

ಪೂರಕ ಮಾತ್ರೆಗಳಿಂದ ಗಂಭೀರ ತೊಂದರೆಯಾಗುವುದು ಅಪರೂಪ. ಆದರೆ ಆದಾಗ, ಅದು ಗೊತ್ತಾಗುವುದು ತೀರಾ ತಡವಾಗಿ. ಡಾಕ್ಟರ್ "ಯಾವ ಔಷಧಿ ತಗೊಳ್ತಿದ್ದೀರಿ?" ಎಂದು ಕೇಳಿದರೆ ಬಿಪಿ ಮಾತ್ರೆ ನೆನಪಾಗುತ್ತದೆ, ಕೂದಲಿಗೆಂದು ನುಂಗುವ ಬಯೋಟಿನ್ ನೆನಪಾಗುವುದಿಲ್ಲ. ಅದನ್ನು ಔಷಧಿಯ ಲೆಕ್ಕಕ್ಕೇ ಹಿಡಿದಿರುವುದಿಲ್ಲ. ಹಾಗಾಗಿ ಪತ್ತೆಯ ಕೆಲಸ ಡಬ್ಬಿಗಳಿಂದಲೇ ಶುರುವಾಗಬೇಕು.

ಮೊದಲು ಲೆಕ್ಕ ಹಾಕಿ

ಮನೆಯಲ್ಲಿರುವ ಮಾತ್ರೆ, ಪುಡಿ, ಗಮ್ಮಿ, ಎನರ್ಜಿ ಡ್ರಿಂಕ್ ಎಲ್ಲವನ್ನೂ ಮೇಜಿನ ಮೇಲಿಟ್ಟು ಲೇಬಲ್ ಹಿಂಭಾಗ ಓದಿ. ಅಲ್ಲಿ ಬರೆದ ಪ್ರಮಾಣ ಒಂದು ಮಾತ್ರೆಗೋ, ಎರಡಕ್ಕೋ ನೋಡಿ. ಖನಿಜವಾದರೆ, ಅದು ಲವಣದ ತೂಕವೋ ಖನಿಜದ್ದೇ ತೂಕವೋ ನೋಡಿ. 50 ಮಿ.ಗ್ರಾಂ ಜಿಂಕ್ ಗ್ಲುಕೋನೇಟ್‌ನಲ್ಲಿ ಜಿಂಕ್ ಇರುವುದು ಸುಮಾರು 7 ಮಿ.ಗ್ರಾಂ ಮಾತ್ರ, 220 ಮಿ.ಗ್ರಾಂ ಜಿಂಕ್ ಸಲ್ಫೇಟ್‌ನಲ್ಲಿ ಸುಮಾರು 50. ವಿಟಮಿನ್ ಡಿ ವಿಷಯದಲ್ಲಿ 40 ಐಯು (ಇಂಟರ್‌ನ್ಯಾಷನಲ್ ಯೂನಿಟ್) ಎಂದರೆ 1 ಮೈಕ್ರೋಗ್ರಾಂ.

ಆಮೇಲೆ ಒಂದೇ ಪದಾರ್ಥ ಎಷ್ಟು ಡಬ್ಬಿಗಳಲ್ಲಿದೆ ಎಂದು ಕೂಡಿಸಿ. ಇಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಬಿ6. ಲೇಬಲ್ ಮೇಲೆ ಅದರ ಹೆಸರು ಪಿರಿಡಾಕ್ಸಿನ್. ಬಿ-ಕಾಂಪ್ಲೆಕ್ಸ್‌ನಲ್ಲಿ 50, ಮೆಗ್ನೀಸಿಯಂ ಮಾತ್ರೆಯೊಳಗೆ 10, ಎನರ್ಜಿ ಪುಡಿಯಲ್ಲಿ 5 ಇದ್ದರೆ ದಿನಕ್ಕೆ 65 ಮಿ.ಗ್ರಾಂ ಆಯಿತು. ದೇಹಕ್ಕೆ ಬೇಕಾದದ್ದು 2 ಮಿ.ಗ್ರಾಂ ಆಸುಪಾಸು.

ಕಾಲು ಜೋಮು: ಬಿ6

ಬಿ6ಗೆ ಅಮೆರಿಕ ಇಟ್ಟಿರುವ ಗರಿಷ್ಠ ಮಿತಿ ದಿನಕ್ಕೆ 100 ಮಿ.ಗ್ರಾಂ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ತನ್ನ ಮಿತಿಯನ್ನು 12 ಮಿ.ಗ್ರಾಂಗೆ ಇಳಿಸಿತು. ತಿಂಗಳುಗಟ್ಟಲೆ ಹೆಚ್ಚು ತಗೊಂಡರೆ ಕೆಲವರಲ್ಲಿ ಸ್ಪರ್ಶದ ನರಗಳು ಕೆಡುತ್ತವೆ. ಎರಡೂ ಪಾದಗಳಲ್ಲಿ ಒಂದೇ ಸಮನೆ ಜೋಮು, ಉರಿ, ಸಾಕ್ಸ್ ಹಾಕಿಕೊಂಡಂಥ ಮಂದ ಸ್ಪರ್ಶ ಇದರ ಲಕ್ಷಣ. ಮುಖ ತೊಳೆಯಲು ಬಾಗಿ ಕಣ್ಣು ಮುಚ್ಚಿದೊಡನೆ ಮೈ ತೂರಾಡಿ, ಕೈ ತಾನಾಗಿ ಬೇಸಿನ್ ಹಿಡಿಯುತ್ತದೆ. ಪಾದ ಎಲ್ಲಿದೆ ಎಂಬ ಸುದ್ದಿ ಮಿದುಳಿಗೆ ಸರಿಯಾಗಿ ತಲುಪದೆ, ಅಷ್ಟು ಹೊತ್ತು ಕಣ್ಣು ಅದನ್ನು ಸರಿದೂಗಿಸುತ್ತಿತ್ತು.

ಇಲ್ಲೊಂದು ಕೆಟ್ಟ ಸುಳಿ ಇದೆ. ಕಾಲು ಜೋಮು ಎಂದೊಡನೆ 'ನರದ ಶಕ್ತಿಗೆ' ಎಂದು ಇನ್ನೊಂದು ಬಿ-ಕಾಂಪ್ಲೆಕ್ಸ್ ಸೇರಿಸುತ್ತಾರೆ, ರೋಗಕ್ಕೆ ಕಾರಣವಾದದ್ದನ್ನೇ ಮದ್ದೆಂದು ನುಂಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ನಿಲ್ಲಿಸಿ, ರಕ್ತದಲ್ಲಿ ಬಿ6 ಮತ್ತು ಬಿ12 ಎರಡನ್ನೂ ನೋಡಿಸಿ, ಏಕೆಂದರೆ ಬಿ12 ಕೊರತೆಯೂ ಇದೇ ಥರ ಕಾಣುತ್ತದೆ. ನಿಲ್ಲಿಸಿದ ಮೇಲೂ ಮೊದಲ ಕೆಲವು ವಾರ ಜೋಮು ಹೆಚ್ಚಾದಂತೆ ಅನಿಸಬಹುದು. ಹೆದರಿ ಮತ್ತೆ ಶುರು ಮಾಡಬೇಡಿ. ಇಳಿಯಲು ತಿಂಗಳುಗಳು ಬೇಕು, ಕೆಲವರಿಗೆ ಪೂರ್ತಿ ಹೋಗುವುದಿಲ್ಲ.

ಲಿವರ್‌: ಇಲ್ಲಿ ಕಾಯುವಂತಿಲ್ಲ

ಗ್ರೀನ್ ಟೀ ಸಾರದ ಮಾತ್ರೆ, ಕರ್ಕ್ಯುಮಿನ್ ಕ್ಯಾಪ್ಸೂಲ್, ಅಶ್ವಗಂಧ, ನಿಧಾನವಾಗಿ ಕರಗುವ ನಿಯಾಸಿನ್ (ವಿಟಮಿನ್ ಬಿ3) — ಈ ನಾಲ್ಕರಿಂದಲೂ ಲಿವರ್‌ಗೆ ಪೆಟ್ಟು ಬಿದ್ದದ್ದು ದಾಖಲಾಗಿದೆ. ಸಾಮಾನ್ಯವಾಗಿ ಶುರು ಮಾಡಿದ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ.

"ಅರಿಶಿನ ದಿನಾ ತಿನ್ನುತ್ತೇವಲ್ಲ" ಎನ್ನಬಹುದು. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರಷ್ಟು, ಅದರಲ್ಲೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಕ್ಯಾಪ್ಸೂಲ್‌ನಲ್ಲಿ ಸಾರವನ್ನು ಸಾಂದ್ರಗೊಳಿಸಿ, ಹೀರುವಿಕೆ ಹೆಚ್ಚಲೆಂದು ಕಾಳುಮೆಣಸಿನ ಪೈಪರಿನ್ ಬೆರೆಸಿರುತ್ತಾರೆ. ಹಾಗಾಗಿ ಅದು ಬೇರೆಯೇ ವಸ್ತು. ಗ್ರೀನ್ ಟೀಯದ್ದೂ ಇದೇ ಕಥೆ: ಕುದಿಸಿ ಕುಡಿಯುವುದು ಒಂದು, ಸಾರದ ಮಾತ್ರೆಯಿಂದ ಅದರ ಮುಖ್ಯ ಅಂಶವಾದ ಇಜಿಸಿಜಿಯನ್ನು ದಿನಕ್ಕೆ 800 ಮಿ.ಗ್ರಾಂ ನುಂಗುವುದು ಇನ್ನೊಂದು. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಹೀರಿಕೆ ಇನ್ನೂ ಹೆಚ್ಚು. ಈ ಎರಡರಿಂದಲೂ ಲಿವರ್ ಕೆಟ್ಟವರಲ್ಲಿ ಎಚ್‌ಎಲ್‌ಎ-ಬಿ*35:01 ಎಂಬ ವಂಶವಾಹಿ ರೂಪ ಉಳಿದವರಿಗಿಂತ ಹೆಚ್ಚಾಗಿ ಕಂಡುಬಂದಿದೆ. ಅಂದರೆ ಗೆಳತಿಗೆ ಏನೂ ಆಗಲಿಲ್ಲ ಎನ್ನುವುದು ನಿಮಗೆ ಭರವಸೆಯಲ್ಲ.

ಊಟ ಕಂಡರೆ ವಾಕರಿಕೆ, ಕಪ್ಪು ಚಹಾದ ಬಣ್ಣದ ಮೂತ್ರ, ಬಿಳಿಚಿದ ಮಲ, ದದ್ದಿಲ್ಲದೆಯೂ ರಾತ್ರಿಯೆಲ್ಲ ಅಂಗೈ ಅಂಗಾಲು ತುರಿಕೆ — ಇವು ಕಂಡರೆ ಎಚ್ಚರವಾಗಿ. ಕಣ್ಣಿನ ಬಿಳಿಭಾಗವನ್ನು ಹಗಲು ಬೆಳಕಿನಲ್ಲಿ ನೋಡಿ. ಬಲ್ಬಿನ ಹಳದಿ ಬೆಳಕಿನಲ್ಲಿ ಕಾಮಾಲೆ ತಪ್ಪಿಹೋಗುತ್ತದೆ. ಅವತ್ತೇ ಮಾತ್ರೆ ನಿಲ್ಲಿಸಿ, ಲಿವರ್ ಫಂಕ್ಷನ್ ಟೆಸ್ಟ್ ಮತ್ತು ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗದ ಪರೀಕ್ಷೆ) ಮಾಡಿಸಿ. ರಿಪೋರ್ಟಿನಲ್ಲಿ ಎಎಲ್‌ಟಿ ಎಂಬ ಲಿವರ್ ಕಿಣ್ವ ಮಿತಿಯ ಮೂರುಪಟ್ಟು ದಾಟಿ, ಜೊತೆಗೆ ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್ ಎರಡುಪಟ್ಟು ದಾಟಿದರೆ ಅದು ಗಂಭೀರ. ಮಂಪರು, ಮಾತಿನಲ್ಲಿ ಗೊಂದಲ ಬಂದರೆ ನೇರ ತುರ್ತು ಚಿಕಿತ್ಸೆಗೆ ಹೋಗಿ. ಗುಣವಾದ ಮೇಲೆ 'ಅದೇ ಹೌದಾ ನೋಡೋಣ' ಎಂದು ಮತ್ತೆ ನುಂಗಬೇಡಿ. ಎರಡನೇ ಸಲ ಹೊಡೆತ ಬೇಗ ಬರುತ್ತದೆ, ಜೋರಾಗಿಯೂ ಬರುತ್ತದೆ.

ರಿಪೋರ್ಟನ್ನೇ ಕೆಡಿಸುವ ಬಯೋಟಿನ್

ಬಯೋಟಿನ್ ದೇಹಕ್ಕೆ ಹಾನಿ ಮಾಡುವುದಿಲ್ಲ, ಪರೀಕ್ಷೆಗೆ ಮಾಡುತ್ತದೆ. ದಿನಕ್ಕೆ ಸಾಕಾಗುವುದು 30 ಮೈಕ್ರೋಗ್ರಾಂ. ಕೂದಲು-ಉಗುರಿನ ಮಾತ್ರೆಗಳಲ್ಲಿ 5,000ದಿಂದ 10,000 ಇರುತ್ತದೆ. ಅನೇಕ ಲ್ಯಾಬ್ ಯಂತ್ರಗಳು ಅಳತೆಗೆ ಬಯೋಟಿನ್ ಅಂಟುವ ಗುಣವನ್ನೇ ಬಳಸುತ್ತವೆ. ರಕ್ತದಲ್ಲಿ ಅದು ತುಂಬಿದ್ದರೆ ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಟಿ4 ಸುಳ್ಳಾಗಿ ಹೆಚ್ಚು ಬಂದು, ಇಲ್ಲದ ಥೈರಾಯ್ಡ್ ರೋಗ ಕಾಣಬಹುದು. ಹೃದಯಾಘಾತ ಹಿಡಿಯುವ ಟ್ರೋಪೋನಿನ್ ಸುಳ್ಳಾಗಿ ಕಡಿಮೆ ಬರುವುದು ಇನ್ನೂ ಅಪಾಯ. ಈ ಬಗ್ಗೆ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿತ್ತು. ಪರೀಕ್ಷೆಗೆ 2-3 ದಿನ ಮೊದಲೇ ನಿಲ್ಲಿಸಿ. ಎದೆನೋವಿಗೆ ಹೋದಾಗ ಅಷ್ಟು ಸಮಯ ಇರುವುದಿಲ್ಲ, ಬಯೋಟಿನ್ ತಗೊಳ್ಳುತ್ತಿದ್ದೇನೆ ಎಂದು ಮೊದಲೇ ಹೇಳಿಬಿಡಿ.

ಡಿ, ಜಿಂಕ್, ಎ

ವಾರಕ್ಕೊಂದರ ವಿಟಮಿನ್ ಡಿಯನ್ನು ದಿನಕ್ಕೊಂದು ನುಂಗುವುದು ಸುಲಭವಾಗಿ ಆಗುವ ತಪ್ಪು. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ವಾಂತಿ, ಕೊನೆಗೆ ಗೊಂದಲ ಬರುತ್ತದೆ. ಡಿ ಕೊಬ್ಬಿನಲ್ಲಿ ಕೂತುಬಿಡುವುದರಿಂದ ನಿಲ್ಲಿಸಿದ ಮೇಲೂ ವಾರಗಟ್ಟಲೆ ಕಾಡುತ್ತದೆ. ಕ್ಯಾಲ್ಸಿಯಂ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಎರಡನ್ನೂ ನೋಡಿಸಿ.

ಜಿಂಕ್ ದಿನಕ್ಕೆ 40 ಮಿ.ಗ್ರಾಂ ದಾಟಿ ತಿಂಗಳುಗಟ್ಟಲೆ ಸಾಗಿದರೆ ತಾಮ್ರದ ಹೀರಿಕೆ ನಿಲ್ಲಬಹುದು. ಕಬ್ಬಿಣ ಕೊಟ್ಟರೂ ಏರದ ರಕ್ತಹೀನತೆ, ಬಿಳಿ ರಕ್ತಕಣ ಇಳಿಕೆ, ನಡಿಗೆಯಲ್ಲಿ ತೂರಾಟ ಕಂಡರೆ ತಾಮ್ರದ ಮಟ್ಟ ಕೇಳಿ ಮಾಡಿಸಿ.

ಗರ್ಭಿಣಿಯರು ರೆಟಿನಾಲ್ ರೂಪದ ವಿಟಮಿನ್ ಎ ದಿನಕ್ಕೆ 10,000 ಐಯು ಮೀರಬಾರದು, ಮಗುವಿನ ಅಂಗರಚನೆಗೆ ಅಪಾಯ. ಸಿಗರೇಟು ಸೇದುವವರು ಬೀಟಾ ಕೆರೋಟಿನ್ (ದೇಹದಲ್ಲಿ ವಿಟಮಿನ್ ಎ ಆಗುವ ವಸ್ತು) ಮಾತ್ರೆ ಮುಟ್ಟಲೇಬಾರದು. 1990ರ ದಶಕದ ಎರಡು ದೊಡ್ಡ ಪ್ರಯೋಗಗಳಲ್ಲಿ ಅದು ಅವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿಸಿತು.

ನಿಲ್ಲಿಸುವುದು, ಮತ್ತೆ ಶುರು ಮಾಡುವುದು

ಪ್ರತಿ ಡಬ್ಬಿ ಶುರುವಾದ ತಾರೀಖು, ಲಕ್ಷಣ ಶುರುವಾದ ತಾರೀಖು ಒಂದೇ ಹಾಳೆಯಲ್ಲಿ ಬರೆಯಿರಿ. ಡಾಕ್ಟರ್ ಬರೆದುಕೊಡದೆ ತಗೊಳ್ಳುತ್ತಿರುವುದನ್ನೆಲ್ಲ ಒಟ್ಟಿಗೇ ನಿಲ್ಲಿಸಿ. ಗರ್ಭಿಣಿಯ ಫೋಲಿಕ್ ಆಮ್ಲ, ಬರೆದುಕೊಟ್ಟ ಕಬ್ಬಿಣ ಅಥವಾ ಬಿ12 ಇದ್ದರೆ ಮಾತ್ರ ಕೇಳಿಯೇ ನಿಲ್ಲಿಸಿ. ಹೊಟ್ಟೆ ಕೆಡುವುದು, ತಲೆನೋವಿನಂಥ ಸಣ್ಣ ತೊಂದರೆಯಾಗಿ ಅದು ಪೂರ್ತಿ ಹೋದರೆ, ಬೇಕೇಬೇಕಾದ್ದನ್ನು ಎರಡು ವಾರಕ್ಕೊಂದರಂತೆ ಸೇರಿಸಿ ನೋಡಬಹುದು. ಲಿವರ್, ನರ, ಅಲರ್ಜಿಯ ವಿಷಯದಲ್ಲಿ ಈ ಪ್ರಯೋಗ ಬೇಡವೇ ಬೇಡ. ತುಟಿ ಊದಿ ಉಸಿರು ಕಟ್ಟಿದರೆ ಆಂಬುಲೆನ್ಸ್ ಕರೆಯಿರಿ.

ಡಬ್ಬಿ ಎಸೆಯಬೇಡಿ. ತಪ್ಪು ಲೇಬಲ್‌ನಲ್ಲೂ ಇರಬಹುದು. 2008ರಲ್ಲಿ ಅಮೆರಿಕದ ಒಂದು ದ್ರವ ಪೂರಕದಲ್ಲಿ ಸೆಲೆನಿಯಂ ಲೇಬಲ್‌ನಲ್ಲಿ ಬರೆದದ್ದರ ಸುಮಾರು 200 ಪಟ್ಟು ಇತ್ತು. ಕುಡಿದವರಿಗೆ ಭೇದಿಯಾಯಿತು, ಕೂದಲು ಉದುರಿತು, ಉಗುರು ಕೆಟ್ಟವು. ಉಳಿದ ಮಾತ್ರೆಗಳ ಜೊತೆ ಡಬ್ಬಿಯನ್ನು ಮುಚ್ಚಿಟ್ಟು, ಬ್ಯಾಚ್ ನಂಬರ್ ಮತ್ತು ಲೇಬಲ್ ಫೋಟೋ ತೆಗೆದು, ದಿನದ ಪ್ರಮಾಣ, ಎಷ್ಟು ದಿನ ತಗೊಂಡಿರಿ, ನಿಲ್ಲಿಸಿದ ಮೇಲೆ ಏನಾಯಿತು ಎಂಬುದನ್ನು ಸೇರಿಸಿ ನಿಮ್ಮ ದೇಶದ ಔಷಧ ನಿಯಂತ್ರಕರಿಗೆ ವರದಿ ಕೊಡಿ. ಮಾತ್ರೆಯಿಂದಲೇ ಆಯಿತೆಂದು ಖಚಿತವಾಗದಿದ್ದರೂ ಅನುಮಾನವಿದ್ದರೆ ಕೊಡಬಹುದು.