ಆರ್‌ಎಕ್ಸ್ 100ರ ಪಿಕಪ್ ಸರಿಯಾಗಿದ್ದು ಬಿಪಿ ಪಂಪಿನಿಂದ

ನನ್ನದು 1993ರ ಯಮಹಾ ಆರ್‌ಎಕ್ಸ್ 100, ಟೂ-ಸ್ಟ್ರೋಕ್ ಬೈಕ್. ಈಗ ಮೂರನೇ ಗೇರಿನಲ್ಲಿ 25ರ ಸ್ಪೀಡಿಗೆ ಇಳಿಸಿ, ಒಮ್ಮೆಲೇ ಪೂರ್ತಿ ರೇಸ್ ಕೊಟ್ಟರೂ ತಡವರಿಸದೆ ಎಳೆಯುತ್ತದೆ. ಹೋದ ವರ್ಷ ಹೀಗಿರಲಿಲ್ಲ. ಕಾಲು ಭಾಗ ತಿರುಗಿಸುವಷ್ಟರಲ್ಲಿ ಉಸಿರು ಕಟ್ಟಿದ ಹಾಗೆ ಕುಸಿದು, ಆಮೇಲೆ ಜಿಗಿಯುತ್ತಿತ್ತು. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬೋರೇಟರ್ ಮೇಲೇ ಎಲ್ಲರ ಅನುಮಾನ. ಹಾಸನದಲ್ಲಿ ತೋರಿಸಿದ ಮೂವರು ಮೆಕ್ಯಾನಿಕ್‌ಗಳದ್ದೂ ಒಂದೇ ಮಾತು: "ಕಾರ್ಬೋರೇಟರ್ ಸವೆದಿದೆ ಸಾರ್, ಹೊಸದು ಹಾಕ್ಸಿ."

ಹಾಕಿಸಿದೆ. 1,800 ರೂಪಾಯಿ ಹೋಯಿತು, ಗಾಡಿ ಇನ್ನೂ ಕೆಟ್ಟಿತು. ಆಮೇಲೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್‌ಗಳು: ಪೂರ್ತಿ ರೇಸಿಗೆ ಐದಾರು ಮೇನ್ ಜೆಟ್, ಕಮ್ಮಿ ರೇಸಿಗೆ ಮೂರು ಪೈಲಟ್ ಜೆಟ್, ಅದಕ್ಕೊಂದು 900. ಪೆಟ್ರೋಲ್ ಸ್ವಲ್ಪ ಜಾಸ್ತಿ ಬರಲಿ ಅಂತ ಕಾರ್ಬೋರೇಟರ್ ಒಳಗಿನ ನೀಡಲ್ ಕ್ಲಿಪ್ ಒಂದು ಗೆರೆ ಕೆಳಗೆ ಹಾಕಿದರೆ ಬೆಳಿಗ್ಗೆ ಚೆನ್ನಾಗಿರುತ್ತಿತ್ತು, ಇಂಜಿನ್ ಕಾದ ಮೇಲೆ ಮತ್ತೆ ಅದೇ ಕಥೆ. ಒಂದು ಮಳೆಗಾಲ ಪೂರ್ತಿ ಹೀಗೇ ಕಳೆಯಿತು.

ಸುಳಿವು ಸಿಕ್ಕಿದ್ದು ಸಿಗ್ನಲ್‌ನಲ್ಲಿ. ಕಾದ ಇಂಜಿನ್, ರೇಸ್ ಪೂರ್ತಿ ಬಿಟ್ಟಿದ್ದೇನೆ, ಆದರೂ ಸೌಂಡು ಇಳಿಯಲು ಮೂರು ನಾಲ್ಕು ಸೆಕೆಂಡು ಬೇಕು. ಎಲ್ಲಿಂದಲೋ ಗಾಳಿ ಎಳೆಯುತ್ತಿದೆ ಅಂತಲೇ ಅರ್ಥ ಅಲ್ವಾ? ಕಾರ್ಬೋರೇಟರನ್ನು ಇಂಜಿನ್‌ಗೆ ಸೇರಿಸುವ ಮ್ಯಾನಿಫೋಲ್ಡ್ ರಬ್ಬರಿನ ಸುತ್ತ ಕ್ಲೀನರ್ ಸ್ಪ್ರೇ ಹೊಡೆದೆ. ಅಲ್ಲಿ ಲೀಕ್ ಇದ್ದರೆ ಸೌಂಡು ಬದಲಾಗಬೇಕು, ಏನೂ ಬದಲಾಗಲಿಲ್ಲ.

ಆಗ ಮೆಡಿಕಲ್ ಶಾಪಿನಿಂದ ಮುಳ್ಳಿನ ಡಯಲ್ ಇರುವ ಬಿಪಿ ಮಷಿನ್ ತಂದೆ, ಸುಮಾರು 700. "ಗಾಡಿಗೆ ಬಿಪಿ ನೋಡ್ತೀಯಾ ಗುರು? ಸುಮ್ನೆ 24 ಎಂಎಂ ದೊಡ್ಡ ಕಾರ್ಬೋರೇಟರ್ ಹಾಕು" ಅಂದ ಗೆಳೆಯ. ನಾನು ಬಿಡಲಿಲ್ಲ. ಇಂಜಿನ್‌ನ ಎಲ್ಲ ಬಾಯಿ ಮುಚ್ಚಿ ಒಳಗೆ ಗಾಳಿ ತುಂಬಿದರೆ, ಮುಳ್ಳು ಇಳಿಯುವುದರಿಂದ ಲೀಕ್ ಗೊತ್ತಾಗುತ್ತದೆ. ಸೈಲೆನ್ಸರ್ ಬಿಚ್ಚಿ ಆ ಬಾಯಿಗೆ ರಬ್ಬರ್ ಶೀಟಿಟ್ಟು ಪಟ್ಟಿ ಬಿಗಿದೆ. ಮ್ಯಾನಿಫೋಲ್ಡಿಗೆ ತೂತಿನ ಬಿರಡೆ ಹಾಕಿ ಪಂಪಿನ ಪೈಪ್ ಸಿಕ್ಕಿಸಿದೆ. ಪಿಸ್ಟನ್ ಪೂರ್ತಿ ಕೆಳಗೆ. ನನ್ನ ಗಾಡಿಯ ಆಯಿಲ್ ಪಂಪನ್ನು ಯಾರೋ ಮೊದಲೇ ತೆಗೆದಿದ್ದರು. ನಿಮ್ಮದರಲ್ಲಿದ್ದರೆ ಅದರ ಸಣ್ಣ ಪೈಪಿನ ತೂತನ್ನೂ ಮುಚ್ಚಬೇಕು. ಬಿಪಿ ಡಯಲ್‌ನ ಮುಳ್ಳನ್ನು 300ಕ್ಕೆ ಏರಿಸಿದೆ, ಅಂದರೆ ಟೈರ್ ಗಾಳಿಯ ಲೆಕ್ಕದಲ್ಲಿ 6 ಪಿಎಸ್‌ಐ ಹತ್ತಿರ. ಅದಕ್ಕಿಂತ ಜಾಸ್ತಿ ಬೇಡ, ಒಳ್ಳೆಯ ಸೀಲೇ ಹಾಳಾದೀತು. ಒಂದೇ ನಿಮಿಷಕ್ಕೆ 100ಕ್ಕಿಂತ ಕೆಳಗೆ ಬಂತು. ಎಡಗಡೆ ಕರೆಂಟು ಹುಟ್ಟಿಸುವ ಮ್ಯಾಗ್ನೆಟ್ ಬಿಚ್ಚಿ ಸೋಪಿನ ನೊರೆ ಹಚ್ಚಿದರೆ, ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ದಂಡದ ಎಡಗಡೆ ರಬ್ಬರ್ ಸೀಲಿನ ಸುತ್ತ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಟೂ-ಸ್ಟ್ರೋಕಿನಲ್ಲಿ ಪೆಟ್ರೋಲ್-ಗಾಳಿ ಮೊದಲು ಬರುವುದೇ ಈ ಕ್ರ್ಯಾಂಕಿನ ಕೋಣೆಗೆ, ಹಾಗಾಗಿ ಅಲ್ಲಿಂದ ಹೊರಗಿನ ಗಾಳಿ ಸೇರುತ್ತಿತ್ತು. ಕಿತ್ತ ಸೀಲಿನ ಅಂಚು ಉಗುರಲ್ಲಿ ಒತ್ತಿದ್ದಕ್ಕೇ ಸೀಳಿತು. ಸೀಲಿಗೆ 150, ಕೂಲಿ 500. ಇಂಜಿನ್ ಸೀಳುವ ಕೆಲಸವೇ ಬರಲಿಲ್ಲ.

ಹಳೆಯ ಮಿಕುನಿ ಕಾರ್ಬೋರೇಟರನ್ನೇ ವಾಪಸ್ ಹಾಕಿದೆ. ಆಮೇಲಿನ ಟ್ಯೂನಿಂಗ್ ಎರಡು ಭಾನುವಾರದ ಕೆಲಸ. ರೇಸ್ ಹಿಡಿಕೆಗೆ ಬಿಳಿ ಟೇಪ್ ಸುತ್ತಿ ಕಾಲು, ಅರ್ಧ, ಮುಕ್ಕಾಲಿಗೆ ಗೆರೆ ಎಳೆದುಕೊಂಡೆ. ಎಲ್ಲಿ ಮಿಸ್ ಹೊಡೆಯುತ್ತದೆ ಅಂತ ಊಹಿಸುವುದು ಬೇಡ, ಗೆರೆ ನೋಡಿದರೆ ಸಾಕು. ಈಗಿನ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಹಳೆಯ ಸೆಟ್ಟಿಂಗ್ ಸ್ವಲ್ಪ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲುವುದಿಲ್ಲ. ಹಾಗಾಗಿ 17.5 ನಂಬರಿನ ಪೈಲಟ್ ಜೆಟ್ ತೆಗೆದು ದೊಡ್ಡದಾದ 20 ಹಾಕಿದೆ, ಗಾಳಿ ಹೊಂದಿಸುವ ಏರ್ ಸ್ಕ್ರೂ ಪೂರ್ತಿ ಬಿಗಿದು ಒಂದೂವರೆ ಸುತ್ತಿಗೆ ಸ್ವಲ್ಪ ಕಮ್ಮಿ ಬಿಚ್ಚಿದೆ. ಕಾರ್ಬೋರೇಟರ್ ಒಳಗೆ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್‌ನ ಎತ್ತರ ಎಷ್ಟಿಟ್ಟೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದಕ್ಕಾಗಿ ನಾಲ್ಕು ಸಲ ಕಾರ್ಬೋರೇಟರ್ ಬಿಚ್ಚಿದ್ದೇನೆ.

ಮಧ್ಯೆ ಇನ್ನೊಂದು ಪ್ರಯೋಗ. ಒಂದೇ ನಂಬರಿನ ಮೂರು ಪೈಲಟ್ ಜೆಟ್‌ಗಳನ್ನು ಸಿರಿಂಜಿನ ತುದಿಗೆ ಕೂರಿಸಿ ಸೀಮೆಎಣ್ಣೆ ಇಳಿಯುವ ಹೊತ್ತು ನೋಡಿದೆ. ಒಂದಕ್ಕೆ 50 ಸೆಕೆಂಡಿನ ಹತ್ತಿರ, ಇನ್ನೊಂದಕ್ಕೆ 40, ಯಾರೋ ತಂತಿ ಹಾಕಿ ಚುಚ್ಚಿದ್ದಕ್ಕೆ 30 ಕೂಡ ಇಲ್ಲ! ಜೆಟ್ ಮೇಲಿನ ನಂಬರನ್ನು ಅಂದಿನಿಂದ ನಾನು ನಂಬಿಲ್ಲ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಮಂಗಳೂರಿಗೂ ಹೋಗಿಬಂದೆ. ಕೆಳಗೆ ಗಾಳಿ ದಟ್ಟ, ಅಲ್ಲಿ ಏರ್ ಸ್ಕ್ರೂ ಕಾಲು ಸುತ್ತು ಒಳಗೆ ಹಾಕಿದರೆ ಇನ್ನೂ ಚೆಂದ. ಹತ್ತುವಾಗ ಮತ್ತೆ ಹಳೆಯ ಜಾಗಕ್ಕೆ ತಂದೆ. ಮೈಲೇಜ್ 30 ಇದ್ದದ್ದು ಈಗ 40ರ ಆಸುಪಾಸು.

ಕ್ರ್ಯಾಂಕಿನ ಇನ್ನೊಂದು ತುದಿಯ, ಕ್ಲಚ್ ಕಡೆಯ ಸೀಲ್ ಇನ್ನೂ ಮುಟ್ಟಿಲ್ಲ. ಮೊನ್ನೆ ಮತ್ತೆ ಪಂಪ್ ಹಾಕಿ ನೋಡಿದೆ: ಆರು ನಿಮಿಷಕ್ಕೆ ಮುಳ್ಳು 300ರಿಂದ 260ಕ್ಕೆ ಬಂದು ನಿಂತಿತ್ತು.